ಎರಡು ಮಹಾಯುದ್ಧಗಳು ಮತ್ತು ಮೈಸೂರು ಸಂಸ್ಥಾನ: ಸೈನ್ಯ ಹಾಗೂ ಕೈಗಾರಿಕೆ

ಮೊದಲನೆಯ ಮಹಾಯುದ್ಧ (1914–1918) ಮತ್ತು ಎರಡನೆಯ ಮಹಾಯುದ್ಧ (1939–1945) ಗಳಲ್ಲಿ ಹಿಂದಿನ ಮೈಸೂರು ಸಂಸ್ಥಾನವು ವಹಿಸಿದ ಪಾತ್ರದ ಕುರಿತು ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ. ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದವರ ದಾಖಲೆಗಳನ್ನು ಹುಡುಕುವ ಕುಟುಂಬದವರಿಗೆ ಉಪಯುಕ್ತವಾಗುವ ಕೆಲವು ಅಂಶಗಳನ್ನು ಕೊನೆಯ ಭಾಗದಲ್ಲಿ ಸೇರಿಸಲಾಗಿದೆ.

1. ಹಿನ್ನೆಲೆ

ಮೈಸೂರು ಸಂಸ್ಥಾನವು ಬ್ರಿಟಿಷ್ ಭಾರತದ ಪ್ರಾಂತ್ಯವಾಗಿರದೆ, ಒಡೆಯರ್ ವಂಶದ ಮಹಾರಾಜರ ಆಳ್ವಿಕೆಗೆ ಒಳಪಟ್ಟ ದೇಶೀಯ ಸಂಸ್ಥಾನವಾಗಿತ್ತು. ಸಂಸ್ಥಾನದ ಖರ್ಚಿನಲ್ಲಿ ಪೋಷಿಸಲ್ಪಟ್ಟು, ಯುದ್ಧ ಒದಗಿದಾಗ ಸಾಮ್ರಾಜ್ಯದ ಸೇವೆಗೆ ಒಪ್ಪಿಸಲ್ಪಡುವ ಪಡೆಗಳನ್ನು ‘ಇಂಪೀರಿಯಲ್ ಸರ್ವಿಸ್’ ಪಡೆಗಳೆಂದು ಕರೆಯಲಾಗುತ್ತಿತ್ತು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವು ಇಂತಹ ಪಡೆಗಳಲ್ಲಿ ಒಂದಾಗಿತ್ತು. ಈ ಕಾರಣದಿಂದ ಇದರ ಯೋಧರು ಬ್ರಿಟಿಷ್ ಭಾರತೀಯ ಸೈನ್ಯದ ರೆಜಿಮೆಂಟುಗಳಿಗೆ ಸೇರಿದವರಾಗಿರಲಿಲ್ಲ. ಸಂಸ್ಥಾನದ ಸೈನ್ಯಕ್ಕೆ ಸೇರಿದವರಾಗಿದ್ದರು.

2. ಮೈಸೂರು ಲ್ಯಾನ್ಸರ್ಸ್ ಮತ್ತು ಹೈಫಾ ಕದನ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯು ಈಜಿಪ್ಟಿಗೆ ತೆರಳಿತು. ಅಲ್ಲಿ ಹೈದರಾಬಾದ್ ಸಂಸ್ಥಾನದ ಅಶ್ವದಳವೂ ಇದ್ದ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ ಭಾಗವಾಗಿ ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿ ತೊಡಗಿತು. ಅನಂತರ ಪ್ಯಾಲೆಸ್ಟೈನ್ ರಣಾಂಗಣದಲ್ಲಿ ಹೋರಾಡಿತು.

1918ರ ಸೆಪ್ಟೆಂಬರ್ ತಿಂಗಳಿನಲ್ಲಿ ಬ್ರಿಟಿಷ್ ಸೇನೆಯು ಪ್ಯಾಲೆಸ್ಟೈನಿನಲ್ಲಿ ವೇಗವಾಗಿ ಮುನ್ನಡೆಯುತ್ತಿದ್ದು, ಸರಬರಾಜಿಗಾಗಿ ಹೈಫಾ ಬಂದರು ಅಗತ್ಯವಾಗಿತ್ತು. ನಗರವನ್ನು ತುರ್ಕಿ ಪಡೆಗಳು ಕಾಯುತ್ತಿದ್ದವು. ಪ್ರವೇಶಮಾರ್ಗವು ಒಂದೆಡೆ ಕಾರ್ಮೆಲ್ ಬೆಟ್ಟ, ಇನ್ನೊಂದೆಡೆ ಕಿಶೋನ್ ನದಿಯ ನಡುವಿನ ಇಕ್ಕಟ್ಟಾದ ಹಾದಿಯಾಗಿದ್ದು, ಬೆಟ್ಟದ ಮೇಲೆ ಫಿರಂಗಿಗಳನ್ನೂ ಮೆಷಿನ್ ಗನ್ನುಗಳನ್ನೂ ಹೂಡಲಾಗಿತ್ತು. ಇಂತಹ ಹಾದಿಯಲ್ಲಿ ಭರ್ಜಿ ಹಿಡಿದ ಕುದುರೆ ಸವಾರರು ನೇರವಾಗಿ ನುಗ್ಗುವುದು ವಿನಾಶಕ್ಕೆ ಆಹ್ವಾನವಾಗುತ್ತಿತ್ತು.

ಸೆಪ್ಟೆಂಬರ್ 23ರಂದು ಕಾರ್ಯವನ್ನು ಹಂಚಿಕೊಳ್ಳಲಾಯಿತು. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿಯು ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿನ ಫಿರಂಗಿ ನೆಲೆಯ ಮೇಲೆ ದಾಳಿ ಮಾಡಿತು. ಉಳಿದ ಮೈಸೂರು ಸವಾರರ ಬೆಂಬಲದೊಂದಿಗೆ ಜೋಧಪುರ ಲ್ಯಾನ್ಸರ್ಸ್ ಪಡೆಯು ಅಪರಾಹ್ನ ನಗರದತ್ತ ನುಗ್ಗಿತು. ಈ ದಾಳಿಯ ನೇತೃತ್ವ ವಹಿಸಿದ್ದ ಮೇಜರ್ ದಲ್ಪತ್ ಸಿಂಗ್ ಅವರು ವೀರಮರಣ ಹೊಂದಿದರು. ಅದೇ ದಿನ ನಗರವು ವಶವಾಯಿತು. ಸುಮಾರು 1,350 ಮಂದಿ ಶತ್ರು ಸೈನಿಕರು ಸೆರೆಯಾದರು. 17 ಫಿರಂಗಿಗಳು ಕೈವಶವಾದವು. ಭಾರತೀಯ ಅಶ್ವದಳಗಳಲ್ಲಿ 8 ಮಂದಿ ಮೃತಪಟ್ಟು, 34 ಮಂದಿ ಗಾಯಗೊಂಡರು. ಬೆಟ್ಟದ ಮೇಲಿನ ಫಿರಂಗಿಗಳ ವಿರುದ್ಧ ಮೈಸೂರಿನ ತುಕಡಿಯು ಕೈಗೊಂಡ ಕಾರ್ಯವು ಕೆಳಗಿನ ದಾಳಿಯ ಯಶಸ್ಸಿಗೆ ಪ್ರಮುಖ ಕಾರಣಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ.

ಮೂರೂ ಸಂಸ್ಥಾನಗಳ ಅಶ್ವದಳಗಳ ಸ್ಮರಣಾರ್ಥ ದೆಹಲಿಯಲ್ಲಿ ಮೂರು ಕಂಚಿನ ಪ್ರತಿಮೆಗಳುಳ್ಳ ತೀನ್ ಮೂರ್ತಿ ಸ್ಮಾರಕವನ್ನು ನಿರ್ಮಿಸಲಾಗಿದ್ದು, 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ನಾಮಕರಣ ಮಾಡಲಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

3. ಯುದ್ಧದಿಂದ ಹುಟ್ಟಿದ ಉದ್ಯಮ: ಶ್ರೀಗಂಧದ ಎಣ್ಣೆ

ಶ್ರೀಗಂಧವು ಮೈಸೂರು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಟ್ಟಿದ್ದು, ಬೊಕ್ಕಸಕ್ಕೆ ಮುಖ್ಯ ಆದಾಯದ ಮೂಲವಾಗಿತ್ತು. 1914ಕ್ಕೆ ಮೊದಲು ಕೊರಡುಗಳನ್ನು ಮಾರಾಟ ಮಾಡಲಾಗುತ್ತಿತ್ತೇ ಹೊರತು, ಎಣ್ಣೆಯನ್ನು ತೆಗೆಯುವ ಕೆಲಸವು ಬಹುಮಟ್ಟಿಗೆ ಜರ್ಮನಿಯಲ್ಲಿ ನಡೆಯುತ್ತಿತ್ತು. ಯುದ್ಧ ಆರಂಭವಾದೊಡನೆ ಆ ಮಾರುಕಟ್ಟೆ ಮುಚ್ಚಿಹೋಗಿ, ಗಂಧದ ಕೊರಡುಗಳು ಮಾರಾಟವಾಗದೆ ಉಳಿದವು.

ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಣ್ಣೆಯನ್ನು ಸಂಸ್ಥಾನದಲ್ಲಿಯೇ ತೆಗೆಯಲು ನಿರ್ಧರಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಬಟ್ಟಿ ಇಳಿಸುವ ವಿಧಾನವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆ ಕಾರ್ಖಾನೆಗಳು ಆರಂಭವಾದವು. ಇದೇ ಎಣ್ಣೆಯನ್ನು ಬಳಸಿ ಸಾಬೂನು ತಯಾರಿಸುವ ಸರ್ಕಾರಿ ಉದ್ಯಮವೂ ಮುಂದೆ ಬೆಳೆದುಬಂದಿತು. ಕಚ್ಚಾ ವಸ್ತುವನ್ನು ಮಾರುತ್ತಿದ್ದ ಸಂಸ್ಥಾನವು ಸಿದ್ಧ ವಸ್ತುವನ್ನು ಮಾರುವಂತಾದುದು ಈ ಯುದ್ಧಕಾಲದ ಶಾಶ್ವತ ಫಲವಾಗಿದೆ.

4. ಎರಡನೆಯ ಮಹಾಯುದ್ಧ ಮತ್ತು ವಿಮಾನ ಕಾರ್ಖಾನೆ

ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಂದಿಗೆ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಸಂಸ್ಥೆಯನ್ನು ಸ್ಥಾಪಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತವು ಜಮೀನನ್ನು ಒದಗಿಸಿದ್ದಲ್ಲದೆ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ತೊಡಗಿಸಿತು. ಅಮೆರಿಕದ ವಿಲಿಯಂ ಪಾಲಿ ಅವರ ಸಂಸ್ಥೆಯು ತಾಂತ್ರಿಕ ನೆರವು ನೀಡಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು.

ಅದೇ ವರ್ಷ ಹಾರ್ಲೋ ತರಬೇತಿ ವಿಮಾನವೂ, 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಇಲ್ಲಿ ಜೋಡಣೆಗೊಂಡು ಹಾರಾಟ ನಡೆಸಿದವು. ಆದರೆ 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದ ನಂತರ ಪರಿಸ್ಥಿತಿ ಬದಲಾಯಿತು. 1942ರಲ್ಲಿ ಭಾರತ ಸರ್ಕಾರವು ಖಾಸಗಿ ಪಾಲುದಾರರ ಷೇರುಗಳನ್ನು ಕೊಂಡು ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರು ಸರ್ಕಾರವು ತನ್ನ ಷೇರುಗಳನ್ನು ಮಾರಲು ಒಪ್ಪದೆ, ಯುದ್ಧ ಮುಗಿಯುವವರೆಗೆ ಆಡಳಿತದ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಪಡೆಯ ನಿರ್ವಹಣೆಗೆ ಒಳಪಟ್ಟು, ಅದರ 84ನೆಯ ಏರ್ ಡಿಪೋ ಆಗಿ ಪರಿವರ್ತನೆಗೊಂಡಿತು.

ಈ ಬದಲಾವಣೆಯಿಂದ ಹೊಸ ವಿಮಾನಗಳ ನಿರ್ಮಾಣ ನಿಂತಿತು. ಪೂರ್ವ ರಣಾಂಗಣದಲ್ಲಿ ಹಾನಿಗೊಂಡ ವಿಮಾನಗಳನ್ನೂ ಎಂಜಿನುಗಳನ್ನೂ ಕಳಚಿ ದುರಸ್ತಿಗೊಳಿಸುವುದೇ ಮುಖ್ಯ ಕಾರ್ಯವಾಯಿತು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳಿಗೆ ಬೆಳ್ಳಂದೂರು ಕೆರೆಯನ್ನು ಬಳಸಲಾಗುತ್ತಿತ್ತು. ಸ್ವಂತ ವಿಮಾನ ತಯಾರಿಸುವ ಮೂಲ ಉದ್ದೇಶ ಹಿಂದೆ ಸರಿದರೂ, ಸ್ಥಳೀಯ ಕೆಲಸಗಾರರು ಅನೇಕ ಬಗೆಯ ವಿಮಾನಗಳ ರಚನೆಯನ್ನು ಕೈಯಾರೆ ಅರಿತರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಯಾನ ಎಂಜಿನಿಯರಿಂಗ್ ವಿಭಾಗವು ಆರಂಭವಾಯಿತು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಹಾರಾಟ ನಡೆಸಿತು. 1964ರಲ್ಲಿ ವಿಲೀನದ ಮೂಲಕ ಈ ಸಂಸ್ಥೆಯು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು.

5. ಸಿಂಗಾಪುರದ ಶರಣಾಗತಿ

ಎರಡನೆಯ ಮಹಾಯುದ್ಧದಲ್ಲಿ ಸಂಸ್ಥಾನದ ಒಂದನೆಯ ಮೈಸೂರು ಪದಾತಿದಳವು ಸಿಂಗಾಪುರದ ರಕ್ಷಣೆಗೆ ನಿಯೋಜಿತವಾಗಿತ್ತು. 1942ರ ಫೆಬ್ರವರಿ 15ರಂದು ಸಿಂಗಾಪುರವು ಜಪಾನಿಗೆ ಶರಣಾದಾಗ ಈ ದಳದ ಯೋಧರೂ ಯುದ್ಧಕೈದಿಗಳಾದರು. ಸೆರೆಯಲ್ಲಿದ್ದವರ ಸುದ್ದಿ ಊರಿಗೆ ತಲುಪುವುದು ದುರ್ಲಭವಾಗಿದ್ದು, ಅವರ ಕುಟುಂಬಗಳ ಪಾಲಿಗೆ 1945ರವರೆಗಿನ ಕಾಲವು ನಿರೀಕ್ಷೆಯ ಕಾಲವಾಗಿತ್ತು. ಸಮಾಧಿ ತಿಳಿಯದ ಯೋಧರ ಹೆಸರುಗಳನ್ನು ಸಿಂಗಾಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ ಕೆತ್ತಲಾಗಿದೆ.

6. ದಾಖಲೆಗಳನ್ನು ಹುಡುಕುವವರ ಗಮನಕ್ಕೆ

(ಅ) ಇಂದಿನ ಕರ್ನಾಟಕದ ಎಲ್ಲ ಪ್ರದೇಶಗಳೂ ಅಂದು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ ಪ್ರದೇಶಗಳು ಮುಂಬಯಿ ಪ್ರಾಂತ್ಯದಲ್ಲಿಯೂ, ಮಂಗಳೂರು ಮತ್ತು ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿಯೂ, ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿಯೂ ಇದ್ದವು. ಕೊಡಗು ಪ್ರತ್ಯೇಕ ಪ್ರಾಂತ್ಯವಾಗಿತ್ತು. ಆದುದರಿಂದ ಯೋಧರು ಯಾವ ಊರಿನವರೆಂಬುದಕ್ಕಿಂತ ಯಾವ ಪಡೆಗೆ ಸೇರಿದ್ದರೆಂಬುದನ್ನು ಮೊದಲು ಗುರುತಿಸತಕ್ಕದ್ದು.

(ಆ) ಹಳೆಯ ಪದಕ, ಬಿಡುಗಡೆ ಪತ್ರ ಅಥವಾ ಕಾಗದಗಳಲ್ಲಿ ಸೈನಿಕ ಸಂಖ್ಯೆ, ದರ್ಜೆ ಮತ್ತು ಪಡೆಯ ಹೆಸರು ನಮೂದಾಗಿದ್ದಲ್ಲಿ ಅವುಗಳನ್ನು ಇದ್ದಂತೆಯೇ ನಕಲು ಮಾಡಿಕೊಳ್ಳುವುದು. ಪದಕಗಳ ಅಂಚಿನಲ್ಲಿಯೂ ಹೆಸರು ಮತ್ತು ಸಂಖ್ಯೆಯನ್ನು ಕೊರೆದಿರುವ ಸಾಧ್ಯತೆಯಿದ್ದು, ಅವುಗಳನ್ನು ಉಜ್ಜಿ ಹೊಳಪುಗೊಳಿಸಬಾರದು.

(ಇ) ವಿಮಾನ ಕಾರ್ಖಾನೆಯ ನೌಕರರು ಯುದ್ಧಕಾಲದಲ್ಲಿ ದುಡಿದಿದ್ದರೂ, ಕಾರ್ಖಾನೆಯ ಪ್ರಮಾಣಪತ್ರವು ಮಾತ್ರವೇ ಸೈನಿಕ ಸೇವೆಯ ದಾಖಲೆಯಾಗುವುದಿಲ್ಲ. 1964ಕ್ಕೆ ಹಿಂದಿನ ಕಾಗದಗಳಲ್ಲಿ ‘ಹಿಂದೂಸ್ತಾನ್ ಏರ್‌ಕ್ರಾಫ್ಟ್’ ಎಂಬ ಹಳೆಯ ಹೆಸರೇ ಇರುವುದನ್ನು ಗಮನಿಸುವುದು.

(ಈ) ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಉಚಿತವಾಗಿ ಹುಡುಕಬಹುದಾಗಿದೆ. ಭಾರತೀಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹಲವು ರೀತಿಯಲ್ಲಿ ಬರೆದಿರುವ ಕಾರಣ, ಒಂದಕ್ಕಿಂತ ಹೆಚ್ಚು ಕಾಗುಣಿತಗಳಲ್ಲಿ ಹುಡುಕುವುದು ಸೂಕ್ತ.

(ಉ) ಮೈಸೂರು ಸಂಸ್ಥಾನದ ಆಡಳಿತ ಕಡತಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನೂ, ಮಾಜಿ ಸೈನಿಕರು ಹಾಗೂ ಅವರ ಅವಲಂಬಿತರಿಗೆ ಸಂಬಂಧಿಸಿದ ವಿಷಯಗಳಿಗಾಗಿ ಆಯಾ ವ್ಯಾಪ್ತಿಯ ಸೈನಿಕ ಕಲ್ಯಾಣ ಕಚೇರಿಯನ್ನೂ ಸಂಪರ್ಕಿಸಬಹುದಾಗಿದೆ.