ಅಂಟಿದ ಲೋಹದ ನಾದಪರೀಕ್ಷೆ

ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ, ಅದರ ನಾದದಿಂದಲೇ ಸಾಚಾತನವನ್ನು ನಿರ್ಣಯಿಸುವ ಶರಾಫರ ಪದ್ಧತಿಯು ನಮ್ಮ ಪೇಟೆಗಳಲ್ಲಿ ಬಹುಕಾಲ ನಡೆದುಬಂದಿತು. ವಿಮಾನದ ಕಾರ್ಖಾನೆಗಳಲ್ಲಿ ನಾಣ್ಯವೇ ಪರೀಕ್ಷಕನ ಸಾಧನವಾಯಿತು. ಅಂಟಿನಿಂದ ಕೂಡಿಸಿದ ತಗಡನ್ನು ನಾಣ್ಯದಿಂದ ತಟ್ಟಿದಾಗ ಧ್ವನಿಯು ಎಲ್ಲಿ ಮಂಕಾಗುವುದೋ ಅಲ್ಲಿ ಅಂಟು ಬಿಟ್ಟಿದೆಯೆಂದು ತಿಳಿಯುವರು.

1941ರಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರೂಯ್ನ್ ‘ರೆಡಕ್ಸ್’ ಎಂಬ ಅಂಟನ್ನು ಸಿದ್ಧಪಡಿಸಿದ ತರುವಾಯ ಲೋಹಕ್ಕೆ ಲೋಹವನ್ನು ಅಂಟಿಸುವ ಕ್ರಮವು ವಿಮಾನನಿರ್ಮಾಣದಲ್ಲಿ ಬೇರೂರಿತು. ಆದರೆ ಸಂಧಿಯನ್ನು ಮುರಿಯದೆ ಅದರ ಬಲವನ್ನು ಅಳೆಯುವುದೆಂತು? ಹಾಲೆಂಡಿನ ಫೋಕರ್ ಸಂಸ್ಥೆಯ ಶ್ಲೀಕೆಲ್‌ಮಾನ್ 1950ರ ದಶಕದಲ್ಲಿ ಉತ್ತರವೊಂದನ್ನು ಕಂಡರು. ಶ್ರವಣಾತೀತ ವೇಗದಲ್ಲಿ ಕಂಪಿಸುವ ಸ್ಫಟಿಕವನ್ನು ತಗಡಿನ ಮೇಲಿಟ್ಟರೆ, ಅಡಿಯ ಅಂಟಿನ ಬಿಗುವಿಗೆ ತಕ್ಕಂತೆ ಅದರ ಅನುರಣನದ ಆವೃತ್ತಿಯು ಬದಲಾಗುತ್ತದೆ. ಮುರಿದು ನೋಡಿದ ಮಾದರಿಗಳೊಡನೆ ಈ ವ್ಯತ್ಯಾಸವನ್ನು ಹೋಲಿಸಿ ಬಲವನ್ನು ಅಂದಾಜು ಮಾಡಿದರು. 1961ರಿಂದ ಇಂಡಿಯನ್ ಏರ್‌ಲೈನ್ಸ್ ಹಾರಿಸಿದ ಫ್ರೆಂಡ್‌ಶಿಪ್ ವಿಮಾನಗಳು, ಅಂಟುಸಂಧಿಗಳನ್ನು ವಿಪುಲವಾಗಿ ಬಳಸಿ ಈ ಸಂಸ್ಥೆಯೇ ರೂಪಿಸಿದವು.

ಆದರೂ ಇದನ್ನು ಬಲಮಾಪಕವೆನ್ನುವುದು ಅತಿಶಯೋಕ್ತಿಯೆಂದೇ ನನ್ನ ಅಭಿಪ್ರಾಯ. ಅದು ತಿಳಿಸುವುದು ಅಂಟಿನ ಒಡಲಿನ ಗುಣವನ್ನು. ಅಂಟಿಗೂ ಲೋಹಕ್ಕೂ ನಡುವಣ ಹಿಡಿತವನ್ನಲ್ಲ. ಎಣ್ಣೆಯ ಪಸೆಯುಳಿದ ತಗಡಿಗೆ ಅಂಟು ಬರಿದೆ ತಾಗಿಕೊಂಡಿದ್ದರೂ ಶಬ್ದವು ನಿರಾತಂಕವಾಗಿ ದಾಟಬಲ್ಲುದು. ಆದುದರಿಂದಲೇ ಕಾರ್ಖಾನೆಗಳು, ಒಂದೇ ಹದದಲ್ಲಿ ಅಂಟಿಸಿದ ಮಾದರಿ ತುಂಡುಗಳನ್ನು ಇಂದಿಗೂ ಮುರಿದು ನೋಡುತ್ತವೆ. ಕಾರ್ಖಾನೆ ಬಿಟ್ಟ ಮೇಲೂ ತೇವವು ಹಿಡಿತವನ್ನು ಸಡಿಲಿಸಬಹುದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಸಂಸ್ಥೆಯ ಬೋಯಿಂಗ್ 737ರ ಮೇಲ್ಭಾಗದ ಹೊದಿಕೆಯು ಹಾರಾಟದಲ್ಲಿಯೇ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಗಿ ಪರಿಚಾರಿಕೆಯೊಬ್ಬರು ಅಸುನೀಗಿದರು. ಬಿಟ್ಟುಹೋದ ಅಂಟಿನ ಭಾರವನ್ನು ರಿವೆಟ್‌ಗಳು ಹೊತ್ತು, ಅವುಗಳ ರಂಧ್ರಗಳಿಂದ ಬಿರುಕುಗಳು ಹೊರಟಿದ್ದವು.