ಒಂದು ಎಳೆತಕ್ಕೆ ಒಂದೇ ಗುಂಡು

ಹಳೆಯ ಇಂಗ್ಲಿಷ್ ಚಲನಚಿತ್ರಗಳನ್ನು ನೋಡಿರುವ ನಿಮಗೆ ಈ ಬಂದೂಕಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಪ್ಪು ಮೋಟಾರಿನ ಕಿಟಕಿಯಿಂದ ಚಾಚಿದ ಮೋಟು ನಳಿಗೆ, ಅದರಡಿಯಲ್ಲಿ ರೊಟ್ಟಿಯಂತೆ ದುಂಡಗಿರುವ ಗುಂಡಿನ ಡಬ್ಬಿ, ಬಿಡುವಿಲ್ಲದ ತಟತಟ ಸದ್ದು. ಇದೇ ಥಾಮ್ಸನ್ ಸಬ್ ಮೆಷಿನ್ ಗನ್. ಜನರ ಬಾಯಲ್ಲಿ 'ಟಾಮಿ ಗನ್'. ಇದೇ ರೂಪದ, ಇದೇ ಹೆಸರಿನ ಹೊಸ ಬಂದೂಕನ್ನು ಅಮೆರಿಕದ ಸಾಮಾನ್ಯ ಪ್ರಜೆ ಇಂದೂ ಅಂಗಡಿಯಲ್ಲಿ ಕೊಳ್ಳಬಹುದು ಎಂದರೆ ನಿಮಗೆ ಆಶ್ಚರ್ಯವಾದೀತು. ಆದರೆ ಅವನು ಕೊಳ್ಳುವುದು ಹಳೆಯ ಬಂದೂಕಿನ ವೇಷವನ್ನು ಮಾತ್ರ. ಒಳಗಿನ ಯಂತ್ರ ಬೇರೆ. ಈ ಒಳಗು ಹೊರಗುಗಳ ಅಂತರದಲ್ಲಿ ಅರ್ಧ ಶತಮಾನದ ಕಾನೂನಿನ ಚರಿತ್ರೆ ಅಡಗಿದೆ.

ಜಾನ್ ಥಾಮ್ಸನ್ ಹುಟ್ಟಿದ್ದು 1860ರಲ್ಲಿ, ಕೆಂಟಕಿ ರಾಜ್ಯದಲ್ಲಿ. ಅಮೆರಿಕದ ಸೈನ್ಯದ ಶಸ್ತ್ರಾಸ್ತ್ರ ವಿಭಾಗದಲ್ಲಿ ದುಡಿದ ಅಧಿಕಾರಿ. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿನ ಸೈನಿಕರು ಕಂದಕಗಳಲ್ಲಿ ಸಿಕ್ಕಿ ನರಳುತ್ತಿದ್ದಾಗ, ಒಬ್ಬನೇ ಹೊತ್ತು ನಡೆಯಬಲ್ಲ, ಕಂದಕವನ್ನು ಗುಡಿಸಿಹಾಕುವ ಪೊರಕೆಯಂಥ ಆಯುಧವೊಂದು ಬೇಕೆಂದು ಅವನಿಗೆ ತೋರಿತು. 1916ರಲ್ಲಿ ಆಟೋ ಆರ್ಡ್‌ನೆನ್ಸ್ ಎಂಬ ಕಂಪನಿ ಸ್ಥಾಪನೆಯಾಯಿತು. ಆದರೆ ಆಯುಧ ರಣರಂಗ ಸೇರುವ ಮೊದಲೇ, 1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮದುವೆ ಮುಗಿದ ಮೇಲೆ ಓಲಗದವರು ಬಂದಂತಾಯಿತು.

ಯುದ್ಧವಿಲ್ಲದ ಕಾಲದಲ್ಲಿ ಯುದ್ಧದ ಸರಕನ್ನು ಯಾರಿಗೆ ಮಾರುವುದು? 1921ರಿಂದ ಕೋಲ್ಟ್ ಕಾರ್ಖಾನೆ ಈ ಬಂದೂಕನ್ನು 15,000ದಷ್ಟು ತಯಾರಿಸಿತು. ಬೆಲೆ ಸುಮಾರು 200 ಡಾಲರು. ದನಗಳ ಹಿಂಡನ್ನು ಕಾಯುವವನ ಕೈಯಲ್ಲಿ ಅದನ್ನಿಟ್ಟು ಜಾಹೀರಾತಿನ ಚಿತ್ರ ಬರೆಸಿದರು. 'ಕಾನೂನು ಮತ್ತು ಶಾಂತಿಯ ಪಕ್ಷದಲ್ಲಿ' ಎಂಬುದು ಕಂಪನಿಯ ಘೋಷವಾಕ್ಯ. ಅಂದಿನ ಬಂದೂಕು ಕಾಯಿದೆಗಳ ಕಣ್ಣು ಜೇಬಿನಲ್ಲಿ ಅಡಗುವ ಪಿಸ್ತೂಲಿನ ಮೇಲಿತ್ತು. ನಿಮಿಷಕ್ಕೆ 800 ಗುಂಡುಗಳ ವೇಗದಲ್ಲಿ ಹಾರಿಸುವ ಈ ಯಂತ್ರವನ್ನು ಅಂಚೆಯ ಮೂಲಕ ತರಿಸಿಕೊಳ್ಳಲೂ ಬಹುಕಡೆ ಅಡ್ಡಿಯಿರಲಿಲ್ಲ.

ಸೈನ್ಯ ಹೆಚ್ಚು ಕೊಳ್ಳಲಿಲ್ಲ. ಪಾನನಿರೋಧದ ಕಾಲದ ಕಳ್ಳಭಟ್ಟಿಯ ದೊರೆಗಳು ಕೊಂಡರು. 1929ರ ಫೆಬ್ರವರಿ 14ರಂದು ಷಿಕಾಗೋದ ಒಂದು ಗ್ಯಾರೇಜಿನಲ್ಲಿ ಏಳು ಮಂದಿಯನ್ನು ಗೋಡೆಗೆ ನಿಲ್ಲಿಸಿ ಕೊಂದರು. ಕೊಲೆಗಾರರಲ್ಲಿ ಇಬ್ಬರು ಪೊಲೀಸರ ವೇಷದಲ್ಲಿದ್ದರು. ಬಳಸಿದ್ದು ಎರಡು ಥಾಮ್ಸನ್ ಬಂದೂಕುಗಳು. ದುಷ್ಟರ ಕೈಗೆ ತನ್ನ ಬಂದೂಕು ಸೇರಿದ್ದಕ್ಕಾಗಿ ಥಾಮ್ಸನ್ ಇಳಿವಯಸ್ಸಿನಲ್ಲಿ ತನ್ನ ಸಹೋದ್ಯೋಗಿಯೊಬ್ಬನಿಗೆ ನೊಂದು ಬರೆದ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, 1934ರ ಜೂನ್ ತಿಂಗಳಲ್ಲಿ ರಾಷ್ಟ್ರೀಯ ಬಂದೂಕು ಕಾಯಿದೆ ಅಂಗೀಕಾರವಾಯಿತು. ಅದರ ಜಾಣತನವನ್ನು ಗಮನಿಸಿ. ಯಂತ್ರಬಂದೂಕನ್ನು ನಿಷೇಧಿಸಲಿಲ್ಲ, ಪ್ರತಿಯೊಂದನ್ನೂ ನೋಂದಾಯಿಸಬೇಕು, ಕೈ ಬದಲಾದಾಗ 200 ಡಾಲರು ತೆರಿಗೆ ಕಟ್ಟಬೇಕು ಎಂದಿತು. ಬಂದೂಕಿನ ಬೆಲೆಯಷ್ಟೇ ತೆರಿಗೆ! ಯಂತ್ರಬಂದೂಕಿನ ಗುರುತನ್ನೂ ಅದು ಸರಳವಾಗಿ ಹೇಳಿತು: ಟ್ರಿಗರನ್ನು ಒಮ್ಮೆ ಎಳೆದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರಬಲ್ಲದ್ದು.

ಎರಡನೆಯ ಮಹಾಯುದ್ಧ ಥಾಮ್ಸನ್ನನ ಮೂಲ ಆಸೆಯನ್ನು ನೆರವೇರಿಸಿತು. ಆದರೆ ಅದನ್ನು ಕಾಣಲು ಅವನಿರಲಿಲ್ಲ, 1940ರಲ್ಲೇ ತೀರಿಕೊಂಡಿದ್ದ. ಸುಮಾರು 15 ಲಕ್ಷ ಬಂದೂಕುಗಳು ತಯಾರಾದವು. ಬರ್ಮಾದ ಕಾಡುಗಳಲ್ಲಿ ನಮ್ಮ ಭಾರತೀಯ ಸೈನಿಕರೂ ಅದನ್ನು ಹಿಡಿದು ಕಾದಿದರು.

ಯುದ್ಧ ಮುಗಿದ ಮೇಲೆ ಅದು ಸಂಗ್ರಹಕಾರರ ವಸ್ತುವಾಯಿತು. 1968ರ ಕಾಯಿದೆ ಖಾಸಗಿ ಮಾರಾಟಕ್ಕಾಗಿ ಯಂತ್ರಬಂದೂಕು ಆಮದು ಮಾಡುವುದನ್ನು ತಡೆಯಿತು. 1986ರ ಮೇ 19ರಿಂದ ಖಾಸಗಿಯವರಿಗಾಗಿ ಹೊಸ ಯಂತ್ರಬಂದೂಕಿನ ನೋಂದಣಿಯೇ ನಿಂತಿತು. ಅಂದಿಗೆ ನೋಂದಣಿಯಾಗಿದ್ದವಷ್ಟೇ ಕೈಯಿಂದ ಕೈಗೆ ಹೋಗಬಹುದು. ಸರಕು ಹೆಚ್ಚುವಂತಿಲ್ಲ, ಆಸೆ ಕಡಿಮೆಯಾಗಲಿಲ್ಲ. ಹೀಗಾಗಿ ಒಂದು ಕಾಲಕ್ಕೆ 200 ಡಾಲರಿಗೆ ದೊರೆಯುತ್ತಿದ್ದ ಥಾಮ್ಸನ್ನಿಗೆ ಇಂದು ಹತ್ತಾರು ಸಾವಿರ ಡಾಲರು ತೆರಬೇಕು.

ಅಷ್ಟು ಹಣವಿಲ್ಲದವನಿಗಾಗಿಯೇ ವೇಷಧಾರಿ ಬಂದೂಕು. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಹರ್ಲಿಯಲ್ಲಿ 1970ರ ದಶಕದ ನಡುವೆ ಇದರ ತಯಾರಿಕೆ ಶುರುವಾಯಿತು. ಇದನ್ನು ಹೇಗೆ ಗುರುತಿಸುವುದು? ಮೊದಲು ನಳಿಗೆಯನ್ನು ಅಳೆಯಿರಿ. ಹಳೆಯದರಲ್ಲಿ ಅದು ಹತ್ತೂವರೆ ಅಂಗುಲ. ನಳಿಗೆ 16 ಅಂಗುಲಕ್ಕಿಂತ ಮೋಟಾದರೆ ಭುಜಕ್ಕೊತ್ತಿ ಹಾರಿಸುವ ಬಂದೂಕನ್ನು ವಿಶೇಷವಾಗಿ ನೋಂದಾಯಿಸಬೇಕೆಂಬ ನಿಯಮವಿರುವುದರಿಂದ, ಹೊಸದರ ಮೂಗು ಅದಕ್ಕೂ ಮಿಗಿಲಾಗಿ ಬೆಳೆದಿದೆ. ಇನ್ನು ಒಳಗೆ ನೋಡಿ. ಹಳೆಯದರಲ್ಲಿ ಟ್ರಿಗರ್ ಎಳೆದೊಡನೆ ಹಿಂದೆ ನಿಂತಿದ್ದ ಬೋಲ್ಟು ಮುನ್ನುಗ್ಗಿ, ಗುಂಡನ್ನು ನಳಿಗೆಗೆ ನೂಕಿ ಸಿಡಿಸುತ್ತಿತ್ತು. ಇಂಥ ತೆರೆದ ಬೋಲ್ಟಿನ ರಚನೆಯನ್ನು ಸುಲಭವಾಗಿ ಯಂತ್ರಬಂದೂಕಾಗಿ ಮಾರ್ಪಡಿಸಬಹುದೆಂದು 1982ರಲ್ಲಿ ಅಧಿಕಾರಿಗಳು ತೀರ್ಮಾನಿಸಿದರು. ವೇಷಧಾರಿಯ ಬೋಲ್ಟು ಮುಚ್ಚಿಯೇ ಇರುತ್ತದೆ. ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ. ಒಂದು ಎಳೆತಕ್ಕೆ ಒಂದೇ ಗುಂಡು. ಪರವಾನಗಿಯುಳ್ಳ ವ್ಯಾಪಾರಿಯಿಂದ ಕೊಳ್ಳುವವನ ಪೂರ್ವವೃತ್ತಾಂತವನ್ನು ಪರಿಶೀಲಿಸುತ್ತಾರೆ. ಕೆಲವು ರಾಜ್ಯಗಳು ಈ ರೂಪಕ್ಕೂ ಒಪ್ಪುವುದಿಲ್ಲ.

ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯಿದೆಯೂ ಟ್ರಿಗರಿನ ಬಳಿಯೇ ಗೆರೆ ಎಳೆಯಿತು. ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುತ್ತಲೇ ಇರುವ ಬಂದೂಕು ಇಲ್ಲಿ ನಿಷಿದ್ಧ ಆಯುಧ. ಕೇಂದ್ರ ಸರಕಾರದ ವಿಶೇಷ ಅನುಮತಿಯಿಲ್ಲದೆ ಯಾರೂ ಹೊಂದುವಂತಿಲ್ಲ. ಆದರೆ ನಮ್ಮಲ್ಲಿ ಗೆರೆ ಹಾಕಿದಾಗ ಅದರಾಚೆಯ ಬಂದೂಕುಗಳು ಮನೆಮನೆಗೆ ಹೋಗಿರಲಿಲ್ಲ. ಅಮೆರಿಕದಲ್ಲಿ ಮಾರಾಟ ಮೊದಲು, ಕಾನೂನು ಆಮೇಲೆ.

ವೇಷಧಾರಿ ಬಂದೂಕನ್ನು ಕೊಳ್ಳುವವರಲ್ಲಿ ಬಹುಮಂದಿ ಚರಿತ್ರೆಯ ಮೋಹದಿಂದ ಕೊಳ್ಳುವವರು, ಅದನ್ನು ಅಪರಾಧವೆನ್ನಲಾಗದು. ಆದರೆ ಒಂದು ಮಾತನ್ನು ಅವರೂ ನಾವೂ ನೆನಪಿಡಬೇಕು. ಕಾನೂನು ಬಂದೂಕಿನ ವೇಗವನ್ನು ತಗ್ಗಿಸಿತು, ಮೂಗನ್ನು ಉದ್ದಮಾಡಿತು. ಗುಂಡನ್ನು ಮಾತ್ರ ಬದಲಿಸಲಿಲ್ಲ. ಅಂದು ಆ ಗ್ಯಾರೇಜಿನ ಗೋಡೆಯನ್ನು ತಾಕಿದ ಅಳತೆಯ ಗುಂಡೇ ಇಂದಿನ ಡಬ್ಬಿಯಲ್ಲೂ ಕೂರುತ್ತದೆ. ಒಂದೊಂದಾಗಿ ಹಾರಿದರೂ ಗುಂಡು ಗುಂಡೇ.