ಆಂಗ್ಲ ಉಪಪದಗಳ ಪೂರ್ವವೃತ್ತಾಂತ

ಇಂಗ್ಲಿಷನ್ನು ಕಲಿಯತೊಡಗಿದ ಕನ್ನಡ ಬಾಲಕನಿಗೆ ಮೊದಲು ಎದುರಾಗುವ ತೊಡಕು ‘ಎ’, ‘ಆ್ಯನ್’, ‘ದಿ’ ಎಂಬ ಉಪಪದಗಳದು. ಇವುಗಳಿಗೆ ಸರಿಸಮವಾದ ಪದಗಳು ಕನ್ನಡದಲ್ಲಿಲ್ಲ; ಸಂಸ್ಕೃತದಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಇಲ್ಲ. ಇಷ್ಟರಿಂದಲೇ ದೇಶಭಾಷೆಗಳಿಗೆ ಅರ್ಥಸೂಕ್ಷ್ಮತೆ ಸಾಲದೆಂದು ಭಾವಿಸುವವರುಂಟು. ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿಯೂ ಇವು ಈಗಿನ ರೂಪದಲ್ಲಿ ಇರಲಿಲ್ಲವೆಂಬುದು ಅವರಿಗೆ ತಿಳಿಯದು.

ಪ್ರಾಚೀನ ಇಂಗ್ಲಿಷಿನಲ್ಲಿ ‘ಸೆ’, ‘ಸೇಒ’, ‘ಥ್ಯಾಟ್’ ಎಂಬ ಸರ್ವನಾಮವಿದ್ದಿತು. ಕ್ರಮವಾಗಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಇದನ್ನು ‘ಸಃ’, ‘ಸಾ’, ‘ತತ್’ ಎಂಬುವುಗಳ ಮಗ್ಗುಲಲ್ಲಿಟ್ಟು ನೋಡಿದರೆ ಶಬ್ದಮಂಜರಿಯನ್ನು ಓದಿದವನಿಗೆ ಬೇರೆ ಪ್ರಮಾಣವೇ ಬೇಡ. ತಚ್ಛಬ್ದದಲ್ಲಿ ಸಕಾರವು ಪುಲ್ಲಿಂಗ ಸ್ತ್ರೀಲಿಂಗಗಳ ಪ್ರಥಮಾ ಏಕವಚನದಲ್ಲಿ ಮಾತ್ರ ನಿಂತು, ಉಳಿದೆಡೆ ತಕಾರವೇ ಬರುವುದಷ್ಟೆ, ಅಲ್ಲಿಯೂ ಹಾಗೆಯೇ. ತಕಾರವು ಅಲ್ಲಿ ಥಕಾರವಾಗುವ ನಿಯಮವನ್ನು ಜರ್ಮನಿಯ ಯಾಕೊಬ್ ಗ್ರಿಮ್ಮನು ೧೮೨೨ರಲ್ಲಿ ವಿಸ್ತರಿಸಿ ತೋರಿಸಿದನು. ಕಾಲಕ್ರಮದಲ್ಲಿ ಥಕಾರರೂಪಗಳು ಸಕಾರವನ್ನು ಹೊರದೂಡಿದುವು, ಲಿಂಗವಿಭಕ್ತಿಗಳು ಸವೆದುವು. ೧೧೫೪ನೆಯ ವರ್ಷದ ವೃತ್ತಾಂತದೊಡನೆ ಮುಗಿಯುವ ಪೀಟರ್‌ಬರೋ ಮಠದ ಚರಿತ್ರೆಯ ಕಡೆಯ ಪುಟಗಳಲ್ಲಿ ಈ ಸವೆತವು ಸ್ಪಷ್ಟವಾಗಿದೆ. ಹೀಗೆ ಉಳಿದದ್ದೇ ‘ದಿ’. ಫ್ರೆಂಚರ ‘ಲ’ ಎಂಬ ಉಪಪದವೂ ‘ಅವನು’ ಎಂಬರ್ಥದ ಲ್ಯಾಟಿನ್ ‘ಇಲ್ಲೆ’ಯ ಸವಕಳಿಯೇ.

ಅನಿರ್ದಿಷ್ಟ ಉಪಪದವು ‘ಒಂದು’ ಎಂಬರ್ಥದ ‘ಆನ್’ ಎಂಬ ಸಂಖ್ಯಾವಾಚಿಯಿಂದ ಬಂದುದು. ‘ಒಬ್ಬ ರಾಜನಿದ್ದನು, ಆ ರಾಜನಿಗೆ ಇಬ್ಬರು ಮಕ್ಕಳು’ ಎಂದು ಕಥೆ ಹೇಳುವ ಅಜ್ಜಿಯೂ ಇದೇ ಎರಡು ಬಗೆಯ ಪದಗಳಿಂದ ಅದೇ ಕಾರ್ಯವನ್ನು ಸಾಧಿಸುತ್ತಾಳೆ. ಬೇಕಾದಲ್ಲಿ ಹೇಳಿ ಬೇಡವಾದಲ್ಲಿ ಬಿಡುವ ಸ್ವಾತಂತ್ರ್ಯ ಆಕೆಗುಂಟು; ಇಂಗ್ಲಿಷಿನವನಿಗೆ ಅದಿಲ್ಲ.

ಸ್ವರದ ಮುಂದೆ ‘ಎ’ಯು ‘ಆ್ಯನ್’ ಆಗುವುದೆಂದು ಲಿಂಡ್ಲೆ ಮರೆಯು ೧೭೯೫ರಲ್ಲಿ ತನ್ನ ವ್ಯಾಕರಣದಲ್ಲಿ ಬರೆದನು. ಆ ಗ್ರಂಥದ ಪ್ರಭಾವ ಬಹಳ; ಶಾಲೆಗಳಲ್ಲಿ ಬಾಲಕರು ಇದನ್ನೇ ಕಂಠಪಾಠ ಮಾಡಿದರು. ಪ್ರಯೋಗಕ್ಕೆ ಈ ಸೂತ್ರ ಸಾಕು. ಚರಿತ್ರೆಗೆ ಮಾತ್ರ ತಲೆಕೆಳಗು. ನಕಾರವು ಸ್ವರದ ಮುಂದೆ ಬಂದು ಸೇರಿದುದಲ್ಲ, ವ್ಯಂಜನದ ಮುಂದೆ ಲೋಪವಾದುದು. ‘ಮೈನ್’ ಎಂಬುದು ‘ಮೈ’ ಆದುದೂ ಇದೇ ರೀತಿಯಲ್ಲಿ.

ಈ ನಕಾರವು ಎಲ್ಲಿಗೆ ಸೇರಿದುದೆಂಬ ಸಂದೇಹ ಇಂಗ್ಲಿಷರಿಗೇ ಬಂದಿತು. ಪದಚ್ಛೇದದಲ್ಲಿ ತಪ್ಪಿ ‘ನೇಪ್ರನ್’ ಎಂಬ ಮೇಲುಡುಪನ್ನು ‘ಏಪ್ರನ್’ ಮಾಡಿದರು. ‘ನ್ಯಾಡರ್’ ಎಂಬ ಹಾವನ್ನು ‘ಆ್ಯಡರ್’ ಮಾಡಿದರು. ‘ಎವ್ಟ್’ ಎಂಬ ಕೊಳದ ಪ್ರಾಣಿಗೆ ಮಾತ್ರ ಅನ್ಯರ ನಕಾರ ಲಾಭವಾಗಿ ‘ನ್ಯೂಟ್’ ಎಂದಾಯಿತು. ಸಂಸ್ಕೃತದ ‘ನಾರಂಗ’ಕ್ಕೂ (ಇದರ ಮೂಲ ದ್ರಾವಿಡವೆಂಬುದು ಹಲವು ವಿದ್ವಾಂಸರ ಮತ) ಯೂರೋಪಿನಲ್ಲಿ ಇಂತಹುದೇ ಗತಿ. ಪಾರಸಿ ಅರಬ್ಬಿಗಳ ಮಾರ್ಗವಾಗಿ ಹೋದ ಈ ಹೆಸರಿನ ಮೊದಲ ನಕಾರವನ್ನು ಇಟಲಿಯವರೂ ಫ್ರೆಂಚರೂ ತಮ್ಮ ಉಪಪದದ ಕೊನೆಯ ನಕಾರವೆಂದು ಬಗೆದು ಬಿಟ್ಟುಬಿಟ್ಟರೆಂದು ಹೇಳುವರು. ಇಂಗ್ಲೆಂಡನ್ನು ಮುಟ್ಟುವಷ್ಟರಲ್ಲಿ ಅದು ನಕಾರವಿಲ್ಲದ ‘ಆರೆಂಜ್’ ಆಗಿತ್ತು. ಸ್ಪೇನಿನವರ ‘ನಾರಾಂಹ’ದಲ್ಲಿ ಆ ನಕಾರ ಇಂದಿಗೂ ಉಳಿದಿದೆ.